ಪಾತ್ರೆ ಜೋಡಿಸುವ ಸದ್ದು

ಹೋದ ವರ್ಷ ಒಂದು ಸಂಜೆ ಅತ್ತಿಗುಪ್ಪೆಯ ನಮ್ಮ ಮನೆಯಲ್ಲಿ ತೊಳೆದ ಪಾತ್ರೆಗಳನ್ನು ಸ್ಟ್ಯಾಂಡಿಗೆ ಜೋಡಿಸುತ್ತಿದ್ದೆ. ಹಾಲ್‌ನಲ್ಲಿ, ಪಿಯುಸಿಗೆ ಸೇರಬೇಕಿದ್ದ ಮಗಳು ಅಪ್ಪನಿಗೆ ಪಿಸುಗುಟ್ಟಿದಳು: “ನಂಗೆ ಸೈನ್ಸ್ ಬೇಡ ಅಂತ ಅಮ್ಮಂಗೆ ಇವತ್ತೂ ಹೇಳಕ್ಕಾಗಲ್ಲ ಪಪ್ಪಾ. ಪಾತ್ರೆ ಸದ್ದು ಕೇಳು.”

“ತಡಿಯೇ, ತಪ್ಪಲೆ ಎಲ್ಲ ಮುಗಿದು ಲೋಟಕ್ಕೆ ಬರ್ಲಿ,” ಎಂದರು ಯಜಮಾನರು.

ಮನೆಯಲ್ಲಿ ಯಾರ ಮೇಲೂ ದನಿ ಏರಿಸಿದವಳಲ್ಲ ಎಂಬ ಹೆಮ್ಮೆ ನನ್ನದು. ಕೈಲಿದ್ದ ಸೌಟನ್ನು ಕುಕ್ಕಿದ ಸದ್ದು ಆಗಲೇ ನನಗೂ ಕೇಳಿಸಿದ್ದು. ಕೈ ಒರೆಸಿಕೊಂಡು ಹೋಗಿ ಅವಳ ಪಕ್ಕ ಕೂತೆ. “ಅದು ಆಫೀಸಿನ ಸಿಟ್ಟು ಕಣೇ, ನಿನ್ನ ಮೇಲಲ್ಲ. ಸೈನ್ಸ್ ಯಾಕೆ ಬೇಡ, ಹೇಳು,” ಎಂದೆ. ಅವಳು ಹೇಳಿ ಮುಗಿಸುವಷ್ಟರಲ್ಲಿ ಒಲೆ ಮೇಲಿನ ಹುಳಿ ತಳ ಹಿಡಿದಿತ್ತು.

ಈಗಲೂ ನನಗೆ ಸಿಟ್ಟು ಬಂದರೆ ಪಾತ್ರೆ ಸದ್ದು ಮಾಡುತ್ತದೆ. ಮಗಳು ಅಡುಗೆಮನೆಗೇ ಬಂದು, “ಇವತ್ತು ಯಾರ ಮೇಲಮ್ಮಾ?” ಎಂದು ಕೇಳುತ್ತಾಳೆ.