ಹಂಡೆ ತುಂಬಾ ಬಿಸಿನೀರು

ಮಲವಗೊಪ್ಪದ ವಸಂತಮ್ಮನಿಗೆ ಬಾಣಂತಿಯರಿಗೂ ಕೂಸುಗಳಿಗೂ ನೀರು ಹಾಕುವುದೇ ಕಸುಬು. ಬೆಳಿಗ್ಗೆ ಭದ್ರಾವತಿಯಲ್ಲಿ ಒಂದೆರಡು ಮನೆ ಮುಗಿಸಿ, ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದು, ಹೊಸಮನೆಯ ನಮ್ಮ ಮನೆಗೆ ತಲುಪುತ್ತಿದ್ದಳು. ನನ್ನ ಸೊಸೆ ಶಾಮಲಾ ಆಗ ಬಾಣಂತಿ. ವಸಂತಮ್ಮ ಬಚ್ಚಲಲ್ಲಿ ಕಾಲು ಚಾಚಿ ಕೂತು, ನನ್ನ ಮೊಮ್ಮಗ ಗುಂಡನನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ನೀರು ಹೊಯ್ದರೆ ಅವನು ಬೀದಿಗೆಲ್ಲ ಕೇಳುವಂತೆ ಕಿರುಚಿ, ಆಮೇಲೆ ಮಧ್ಯಾಹ್ನದವರೆಗೆ ನಿದ್ದೆ ಹೊಡೆಯುತ್ತಿದ್ದ. ಕೂಸಿನ ಮೂಗಿಗೆ ಎಣ್ಣೆ ಹಾಕಕೂಡದು ಎಂದು ನಾನು ಮೊದಲ ದಿನವೇ ಹೇಳಿದ್ದೆ. ಮಾತು ಕೇಳಿದಳು; ಮುಖ ಮಾತ್ರ ವಾರವಿಡೀ ಗಂಟಿಕ್ಕಿಕೊಂಡೇ ಇತ್ತು.

ಅವಳ ಮಗಳು ಸುಶ್ಮಿತಾ ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಿತ್ತು. ಬರುವ ಮೊದಲೇ, ಏಳನೇ ತಿಂಗಳಲ್ಲಿ, ಗಂಡನ ಊರು ಮಂಗಳೂರಿನಲ್ಲಿಯೇ ಹೆತ್ತಳು. ಹೆಣ್ಣು ಮಗು, ತೂಕ ಒಂದು ಕಿಲೋ ಚಿಲ್ಲರೆ. ವಸಂತಮ್ಮ ಘಟ್ಟ ಇಳಿದು ಓಡಿದಳು. ಅಪ್ಪ ಅಮ್ಮನನ್ನು ಬಿಟ್ಟು ಬೇರೆ ಯಾರನ್ನೂ ಒಳಗೆ ಬಿಡುವುದಿಲ್ಲವೆಂದು ಆಸ್ಪತ್ರೆಯವರು ಗಾಜಿನಾಚೆಯಿಂದ ತೋರಿಸಿ ಕಳಿಸಿದರು.

"ಊರಿನ ಕೂಸುಗಳನ್ನೆಲ್ಲ ಎತ್ತಿ ಆಡ್ಸಿದ ಕೈ ಇದು, ಅಮ್ಮಾರೆ" ಎಂದಳು ಮರಳಿ ಬಂದ ದಿನ. "ನಮ್ಮನೇದನ್ನ ಮುಟ್ಟೋಕೂ ಬಿಡ್ಲಿಲ್ಲ."

ಅಳಿಯ ನಿಶಾಂತ್ ದಿನವೂ ಮಗುವಿನ ತೂಕವನ್ನು ಫೋನಿಗೆ ಕಳಿಸತೊಡಗಿದ. ವಸಂತಮ್ಮ ಹೋದಲ್ಲೆಲ್ಲ ಅದೇ ಸುದ್ದಿ. ನೀರು ಹಾಕಿಸಿಕೊಳ್ಳುವ ಮನೆಗಳವರು ಕ್ರಿಕೆಟ್ ಸ್ಕೋರ್ ಕೇಳುವಂತೆ ಬಾಗಿಲಲ್ಲೇ ಕೇಳುತ್ತಿದ್ದರು. ಬಸ್ಸಿನ ಕಂಡಕ್ಟರ್ ರೂಪೇಶನೂ ಬಿಡುತ್ತಿರಲಿಲ್ಲವಂತೆ.

"ಎಷ್ಟಾಯ್ತು ವಸಂತಕ್ಕ?"

"ಇಪ್ಪತ್ತು ಗ್ರಾಂ ಏರಿದೆ ಮಾರಾಯ."

"ನಮ್ಮ ಓನರ್ ಸಂಬಳ ಏರ್ಸೋದಕ್ಕಿಂತ ವಾಸಿ ಬಿಡು."

ತೂಕ ಇಳಿದ ದಿನ ಅವಳ ತಿಕ್ಕುವ ಕೈ ಬಿರುಸಾಗುತ್ತಿತ್ತು. ಏರಿದ ದಿನ ನಮ್ಮ ಗುಂಡನಿಗೆ ಬೈಗುಳ: "ನೀನು ಒಂದ್ ಹೊತ್ತಿಗೆ ಕುಡಿಯೋ ಹಾಲು ಅವಳಿಗೆ ನಾಕ್ ದಿನಕ್ಕೆ ಬರುತ್ತೆ ಕಣೋ, ಹೊಟ್ಟೆಬಾಕ." ಅವಳು ಬರುವ ಹೊತ್ತಿಗೆ ನಾನೂ ಗೇಟಿನ ಬಳಿ ನಿಲ್ಲತೊಡಗಿದ್ದೆ.

ಹೀಗೆ ತಿಂಗಳು ಕಳೆದ ಮೇಲೆ ಒಂದು ದಿನ ಗುಂಡ ಅವಳ ಕಾಲ ಮೇಲಿದ್ದಾಗಲೇ ಫೋನು ಬಂತು. ಶಾಮಲಾ ಸ್ಪೀಕರಿಗೆ ಹಾಕಿ ಹಿಡಿದಳು. ಮಾತಾಡಿದವರು ಮಂಗಳೂರಿನ ಡಾಕ್ಟರಮ್ಮ.

"ನೀವು ಮಕ್ಕಳಿಗೆ ಸ್ನಾನ ಮಾಡಿಸುವವರಂತೆ, ಹೌದಾ?"

"ಹೌದು ಡಾಕ್ಟ್ರಮ್ಮ."

"ಈ ಮಗುವಿಗೆ ಈಗಲೇ ಮಾಡಿಸುವ ಹಾಗಿಲ್ಲ. ಎಣ್ಣೆ ತಿಕ್ಕುವುದೂ ಬೇಡ. ಮೈ ತಣ್ಣಗಾಯಿತೋ, ತೂಕ ಇಳಿದು ಪುನಃ ಇಲ್ಲಿಗೇ ಬರಬೇಕಾಗುತ್ತದೆ. ಬರಿಯ ಎದೆಗೆ ಒತ್ತಿಕೊಂಡು ಸುಮ್ಮನೆ ಕೂರಬೇಕು. ಒಪ್ಪುವುದಾದರೆ ನಾಳೆ ನಿಮ್ಮ ಮನೆಗೆ ಕಳಿಸುತ್ತೇನೆ. ಇಲ್ಲದಿದ್ದರೆ ಇನ್ನಷ್ಟು ದಿನ ಇಲ್ಲೇ ಇರಲಿ."

ವಸಂತಮ್ಮ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟಳು. ಬಳಿಕ ಹೇಳಿದಳು: "ನಾ ಮುಟ್ಟಲ್ಲ ಡಾಕ್ಟ್ರಮ್ಮ. ಕಳ್ಸಿ."

"ಮುಟ್ಟಬೇಕು. ತೊಳೆಯಬಾರದು, ಅಷ್ಟೇ."

ಮರುದಿನ ಸಂಜೆ ನಾನು ಮಲವಗೊಪ್ಪಕ್ಕೆ ಹೋದೆ. ವಸಂತಮ್ಮ ಕೊಟ್ಟ ಮಾತು ಉಳಿಯುತ್ತದೆಂಬ ನಂಬಿಕೆ ನನಗಿರಲಿಲ್ಲ. ಅರ್ಧ ಬೀದಿ ಅಂಗಳದಲ್ಲಿ ನೆರೆದಿತ್ತು. ಎಲ್ಲರನ್ನೂ ಗೇಟಿನಾಚೆ ನಿಲ್ಲಿಸಿದೆ. ಹೊಳೆಹೊನ್ನೂರಿನಿಂದ ಬಂದಿದ್ದ ವಸಂತಮ್ಮನ ನಾದಿನಿ ಪುಷ್ಪಮ್ಮ ಆಗಲೇ ಒಲೆ ಹಚ್ಚಿ ಹಂಡೆ ತುಂಬಾ ನೀರು ಕಾಯಿಸಿದ್ದಳು. ಬಚ್ಚಲಿನಿಂದ ಹಬೆ ಏಳುತ್ತಿತ್ತು.

ಕಾರು ನಿಂತಿತು. ನಿಶಾಂತ್ ಅಂಗಿಯೊಳಗೆ ಮಗುವನ್ನು ಕಟ್ಟಿಕೊಂಡು ಇಳಿದ; ಹೊರಗೆ ಕಾಣುತ್ತಿದ್ದುದು ಒಂದು ಹಳದಿ ಟೊಪ್ಪಿಗೆ ಮಾತ್ರ. ಗೇಟಿನಾಚೆ ಗದ್ದಲವೋ ಗದ್ದಲ. ಆ ಹೊತ್ತಿಗೇ ರಸ್ತೆಯಲ್ಲಿ ಹಾದ ಬಸ್ಸು ಉದ್ದಕ್ಕೆ ಹಾರ್ನ್ ಹೊಡೆಯಿತು. ಅದು ಯಾರ ಕಿತಾಪತಿಯೆಂದು ವಿಚಾರಿಸಬೇಕಾಗಿರಲಿಲ್ಲ.

"ಆಸ್ಪತ್ರೆ ವಾಸನೆ, ದಾರಿ ಧೂಳು" ಎಂದಳು ಪುಷ್ಪಮ್ಮ. "ನೀರು ಹದವಾಗಿ ಕಾದಿದೆ ಅತ್ತಿಗೆ. ಒಂದೇ ಒಂದ್ ಚೊಂಬು ಹಾಕು. ಮಂಗಳೂರಿಗೆ ಯಾರು ಹೇಳ್ತಾರೆ?"

ವಸಂತಮ್ಮ ಸೀರೆ ಎತ್ತಿ ಸಿಕ್ಕಿಸಿ ಬಚ್ಚಲಿಗೆ ಹೋಗಿ ನೀರಿಗೆ ಕೈ ಅದ್ದಿದಳು. ತಣ್ಣೀರು ಬೆರೆಸಿದಳು. ಮತ್ತೆ ಅದ್ದಿದಳು. ನಾನು ಕುರ್ಚಿಯಿಂದ ಎದ್ದೆ. ನಿಶಾಂತ್ ಮಗುವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಗೋಡೆಗೆ ಆನಿಕೊಂಡ.

"ಅತ್ತೆ, ಡಾಕ್ಟ್ರು..."

"ನೀವು ಅಲ್ಲೇ ಕೂತ್ಕೊಳ್ಳಿ. ಕೂಸನ್ನ ಎದೆಯಿಂದ ತೆಗೀಬೇಡಿ" ಎಂದು ಮಗಳತ್ತ ತಿರುಗಿದಳು. "ಸುಶ್ಮಿತಾ, ಬಾರೆ ಇಲ್ಲಿ. ಹೆತ್ತ ಮೇಲೆ ನಿನಗೆ ಯಾರಾದ್ರೂ ನೀರು ಹಾಕಿದ್ರಾ?"

ಅಷ್ಟು ದಿನ ಎರಡು ಊರಿನವರು ಕೂಸಿನ ತೂಕ ಕೇಳಿದ್ದೆವು. ಆ ಹುಡುಗಿಯನ್ನು ಸರಿಯಾಗಿ ನೋಡಿದ್ದು ಆಗಲೇ. ಕಣ್ಣಡಿ ಕಪ್ಪು, ಕೂದಲು ಸಿಕ್ಕುಗಟ್ಟಿತ್ತು.

"ಯಾರು ಹಾಕ್ತಾರಮ್ಮ ಅಲ್ಲಿ? ನಲ್ಲಿ ಕೆಳಗೆ ಎರಡು ಮಗ್ ಹೊಯ್ಕೊಂಡು ಓಡೋದು."

"ಕೂತ್ಕೋ."

ಬಚ್ಚಲ ಬಾಗಿಲು ಮುಚ್ಚಿತು. ಎಣ್ಣೆ ತಟ್ಟುವ ಸದ್ದು, ಆಮೇಲೆ ಚೊಂಬಿನ ಮೇಲೆ ಚೊಂಬು ನೀರು. "ಬಿಸಿ ಆಯ್ತಮ್ಮ" ಎಂದು ಸುಶ್ಮಿತಾ ಕೂಗುವುದೂ, "ಆಗ್ಲಿ" ಎಂದು ವಸಂತಮ್ಮ ಗದರುವುದೂ ಕೇಳಿತು. ಹಂಡೆ ಬರಿದಾಗುವವರೆಗೂ ಅವಳು ನಿಲ್ಲಿಸಲಿಲ್ಲ. ಮಗಳು ಕೆಂಪಗಾಗಿ ಹೊರಬಂದು, ಕಂಬಳಿ ಹೊದ್ದು ಮಲಗಿಬಿಟ್ಟಳು.

ಆಮೇಲೆ ವಸಂತಮ್ಮ ತಾನೂ ಮೈ ತೊಳೆದು, ಒಗೆದ ಸೀರೆಯುಟ್ಟು ಗೋಡೆಗೆ ಒರಗಿ ಕೂತಳು. ರೂಢಿಯಂತೆ ಕಾಲು ಚಾಚಿ, ತಟ್ಟನೆ ನೆನಪಾಗಿ ಮಡಿಸಿಕೊಂಡಳು. ನಿಶಾಂತ್ ಮಗುವನ್ನು ಅವಳ ಎದೆಗೆ ದಾಟಿಸಿದ; ಅವಳೇ ಮೇಲೆ ಸೆರಗು ಮುಚ್ಚಿಕೊಂಡಳು. ಅವಳ ಹೆಬ್ಬೆರಳು ಮಗುವಿನ ಬೆನ್ನುದ್ದಕ್ಕೂ ಒಮ್ಮೆ ತಿಕ್ಕಲು ಹೊರಟು, ನಡುವೆಯೇ ನಿಂತಿತು.

"ಹಿಂಗೆ ಸುಮ್ನೆ ಕೂರೋದೇನಾ?" ಎಂದಳು ಪುಷ್ಪಮ್ಮ.

"ಸುಮ್ನೆ ಕೂರೋದು ಎಷ್ಟು ಕಷ್ಟ ಅಂತ ನಿಂಗೇನ್ ಗೊತ್ತು ಮಾರಾಯ್ತಿ. ಮಾತಾಡಿಸ್ಬೇಡ. ತೂಕ ಏರ್ತಿದೆ."