ಬೆಳಕು ತೂರದ ಬಿಲ್ಲೆ

೧೯೩೮ರಲ್ಲಿ ನಾನು ಗೋಕಾಕದ ಹೆಣ್ಣುಮಕ್ಕಳ ದವಾಖಾನೆಯಲ್ಲಿ ವೈದ್ಯೆಯಾಗಿದ್ದೆ. ಓದು ಮುಗಿಸಿ ಬಂದು ಎಂಟು ತಿಂಗಳಾಗಿತ್ತು. ಹಳ್ಳಿಗಳಿಗೆ ಹೋಗಲು ಹಳೆಯದೊಂದು ಕಾರಿತ್ತು, ಡ್ರೈವರ್ ರಾಮಪ್ಪ. ಪೆಡಲ್ ಒತ್ತಿ ಮೂರು ಉಸಿರಿನಷ್ಟು ಹೊತ್ತಾದ ಮೇಲೆ ಎಂಜಿನ್ ಓಗೊಡುತ್ತಿತ್ತು. ಹುಕ್ಕೇರಿ ದಾರಿಯ ಏರಿನಲ್ಲೊಮ್ಮೆ ಕಾರು ಹಿಂದಕ್ಕೆ ಜಾರಿದ ಮೇಲೆ, ರಿಪೇರಿ ಮಾಡಿಸಲೇಬೇಕೆಂದು ನಿರ್ಧರಿಸಿದೆ.

ಕಾರ್ಬ್ಯುರೇಟರ್‌ನ ಕೊಳವೆಯಲ್ಲಿ ಥ್ರಾಟಲ್ ಎಂಬ ದುಂಡು ಬಿಲ್ಲೆ ಇರುತ್ತದೆ. ಪೆಡಲ್ ಒತ್ತಿದರೆ ಅದು ಅಡ್ಡಕಡ್ಡಿಯ ಮೇಲೆ ತಿರುಗಿ ಎಂಜಿನ್‌ಗೆ ಗಾಳಿ, ಪೆಟ್ರೋಲ್ ಬಿಡುತ್ತದೆ. ರಿಪೇರಿಗೆ ಒಪ್ಪಿಕೊಂಡ ಪೇಟೆಯ ದಸ್ತಗೀರ ಮಿಸ್ತ್ರಿ, ಹೆಚ್ಚು ಗಾಳಿ ಹೋಗಲೆಂದು ಆ ಕಬ್ಬಿಣದ ಕೊಳವೆಯನ್ನು ಒಳಗಿನಿಂದ ಅರದಲ್ಲಿ ಉಜ್ಜಿ ಅಗಲ ಮಾಡಿ, ಹಿತ್ತಾಳೆಯ ಹೊಸ ಬಿಲ್ಲೆ ಕೂರಿಸಿದರು. ಅವರದು ತಲೆಮಾರುಗಳಿಂದ ಕೀಲಿ ಮಾಡುವ ಮನೆತನ. ಸಡಿಲ ಕೆಲಸವೆಂದರೆ ಅವರಿಗೆ ಅವಮಾನ. ಕೊಳವೆಯನ್ನು ಕಿಟಕಿಗೆ ಹಿಡಿದು ತೋರಿಸಿದರು.

“ನೋಡ್ರಿ ಬಾಯಾರ, ಸೂಜಿ ಮೊನಿಯಷ್ಟರ ಬೆಳಕು ಬರತೈತೇನು?”

ಬರುತ್ತಿರಲಿಲ್ಲ. ಕಾವಿಗೆ ಹಿತ್ತಾಳೆ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆಂದು ಕಾಲೇಜಿನಲ್ಲಿ ಓದಿದ್ದೆ. ಮಾತು ನಾಲಗೆಯ ತುದಿಗೆ ಬಂತು. ಹಿರಿಯರ ಕೈಕೆಲಸಕ್ಕೆ ಎದುರಾಡಲು ಸಂಕೋಚವಾಗಿ ಸುಮ್ಮನಾದೆ. ಪೇಟೆಯೊಳಗಿನ ಸಣ್ಣ ಓಡಾಟಗಳಲ್ಲಿ ಕಾರು ಕುದುರೆಯಂತೆ ಜಿಗಿಯಿತು.

ಏಪ್ರಿಲ್‌ನ ಒಂದು ಮಧ್ಯಾಹ್ನ ಮಸಗುಪ್ಪಿ ಹಳ್ಳಿಯಿಂದ ಕರೆ ಬಂತು. ತುಂಬು ಬಸುರಿ ಗಂಗವ್ವನಿಗೆ ಎರಡು ದಿನದಿಂದ ನೋವು; ಹೋಗಿ ನೋಡಿದರೆ ಮಗು ಅಡ್ಡ ತಿರುಗಿತ್ತು. ಶಸ್ತ್ರಕ್ರಿಯೆಯಾಗದಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ. ಅವಳನ್ನೂ ಅತ್ತೆ ಬಸವ್ವನನ್ನೂ ಹಿಂದೆ ಕೂರಿಸಿಕೊಂಡು ಗೋಕಾಕಕ್ಕೆ ಹೊರಟೆವು. ಉದ್ದನೆಯ ಏರು ಹತ್ತಿ ಇಳಿಜಾರಿಗೆ ಬಂದಾಗ ರಾಮಪ್ಪ ಪೆಡಲ್‌ನಿಂದ ಕಾಲು ತೆಗೆದ. ಎಂಜಿನ್‌ನ ಅಬ್ಬರ ಇಳಿಯಲಿಲ್ಲ.

“ಪೆಡಲ್ ಮ್ಯಾಲ ಬರವಲ್ತರಿ ಬಾಯಾರ!”

ಕೆಳಗೆ ಕಾಲುವೆಯ ಇಕ್ಕಟ್ಟಾದ ಸೇತುವೆ. ಅದರ ಮೇಲೆ ಮೇವು ಹೇರಿದ ಎತ್ತಿನ ಗಾಡಿ. ಬ್ರೇಕು ಸುಟ್ಟ ವಾಸನೆ ಬಂತು. ವೇಗ ಹೆಚ್ಚುತ್ತಲೇ ಇತ್ತು. ಕಾವಿಗೆ ಹಿಗ್ಗಿದ ಬಿಲ್ಲೆ ತೆರೆದಲ್ಲೇ ಕಚ್ಚಿಕೊಂಡಿದೆಯೆಂದು ನನಗೆ ತಕ್ಷಣ ಗೊತ್ತಾಯಿತು. ಕೈಚಾಚಿ ಎಂಜಿನ್ ನಿಲ್ಲಿಸುವ ಸ್ವಿಚ್ ತಿರುಗಿಸಿದೆ. ಎಂಜಿನ್ ಸತ್ತಿತು. ಗಾಡಿಯ ಹಿಂದೆ ಜೋತಾಡುತ್ತಿದ್ದ ಒಣ ಜೋಳದ ಕಣಿಕೆಯ ಸಿವುಡು ಬಾನೆಟ್ಟಿಗೆ ತಾಗುವಷ್ಟರಲ್ಲಿ ಕಾರು ನಿಂತಿತು.

ಆ ಮೌನದಲ್ಲಿ ಗಂಗವ್ವನ ನರಳಾಟ ಮಾತ್ರ ಕೇಳುತ್ತಿತ್ತು. ಬಸವ್ವ ನನ್ನನ್ನೇ ನೋಡಿದಳು.

“ಏನ್ರಿ ಬಾಯಾರ, ನಿಮ್ಮ ಗಾಡಿಗೂ ಬ್ಯಾನಿ ಸುರುವಾತೇನು?”

ನನ್ನ ಔಷಧಿ ಚೀಲದ ಹತ್ತಿಯನ್ನು ಕಾಲುವೆಯ ನೀರಿನಲ್ಲಿ ತೋಯಿಸಿ ಕಾರ್ಬ್ಯುರೇಟರ್‌ಗೆ ಸುತ್ತಿದೆ. ಕೆಲವು ನಿಮಿಷಗಳ ಬಳಿಕ ‘ಟಕ್’ ಎಂದು ಬಿಲ್ಲೆ ಮುಚ್ಚಿಕೊಂಡಿತು.

“ಮತ್ತ ಹಿಡಕೊಂಡ್ರರಿ?” ಎಂದ ರಾಮಪ್ಪ.

“ನನ್ನ ಕೈ ಸ್ವಿಚ್ಚಿನ ಮ್ಯಾಲೇ ಇರತೈತಿ. ನಡೀರಿ.”

ಮೂರು ಕಡೆ ನಿಂತು ಹತ್ತಿ ತೋಯಿಸಿದೆವು. ದವಾಖಾನೆ ಮುಟ್ಟುವವರೆಗೆ ಸ್ವಿಚ್‌ನಿಂದ ಬೆರಳು ತೆಗೆಯಲಿಲ್ಲ. ಶಸ್ತ್ರಕ್ರಿಯೆಯಾಗಿ ಗಂಗವ್ವ ಉಳಿದಳು. ನಾವು ಆಸೆ ಬಿಡುವ ಹೊತ್ತಿಗೆ ಹೆಣ್ಣುಮಗು ಅತ್ತಿತು.

ಮರುದಿನ ಮಿಸ್ತ್ರಿಗೆ, ಕಾಲೇಜಿನಲ್ಲಿ ಓದಿದ್ದನ್ನೂ ಸೇರಿಸಿ, ಎಲ್ಲವನ್ನೂ ಹೇಳಿದೆ. ಅವರು ಕೊಳವೆಯಿಂದ ಬಿಲ್ಲೆಯನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡರು.

“ನಾ ಕೀಲಿ ಮಾಡಾಂವರಿ, ನನಗ ತಿಳೀಲಿಲ್ಲ. ನಿಮಗ ತಿಳದಿತ್ತು. ಆವತ್ತ ಯಾಕ ಹೇಳಲಿಲ್ರಿ?”

ಅವರು ಬಿಲ್ಲೆಯ ಅಂಚನ್ನು ಸುತ್ತಲೂ ಉಜ್ಜಿ, ಕೊಳವೆಯಲ್ಲಿ ಕೂರಿಸಿ, ಮತ್ತೆ ಕಿಟಕಿಗೆ ಹಿಡಿದರು. ಈ ಸಲ ಕೂದಲೆಳೆಯಷ್ಟು ಬೆಳಕು ಕಂಡಿತು.

“ಸಾಕೇನ್ರಿ?” ಎಂದರು.

ಸಂಕೋಚ ನನ್ನನ್ನು ಇನ್ನೂ ಬಿಟ್ಟಿಲ್ಲ. ಆದರೆ ರೋಗಿಯ ಜೀವದ ಪ್ರಶ್ನೆ ಬಂದಾಗ, ಎದುರಿಗಿರುವವರು ಎಷ್ಟೇ ಹಿರಿಯರಾಗಿರಲಿ, ನನಗೆ ಗೊತ್ತಿರುವುದನ್ನು ಹೇಳಿಬಿಡುತ್ತೇನೆ. ಅಂದು ಹಾಗೆಯೇ ಹೇಳಿದೆ:

“ಇನ್ನೊಂದೀಟು ಉಜ್ಜರಿ, ಮಿಸ್ತ್ರಿ.”