ನಿಧಾನಕ್ಕೆ ತಿರುಗಿದ ಆಕಾಶ

ಧೂಳೆಂದರೆ ಅವಳಿಗೆ ಆಗದು. ಗ್ರಂಥಾಲಯದ ಮಹಡಿಯ ಕೋಣೆಗೆ ಬೆಳಿಗ್ಗೆ ಬಂದವಳೇ ಮೊದಲು ಕಿಟಕಿಯ ಸರಳು ಒರೆಸುತ್ತಾಳೆ, ಆಮೇಲೆ ಕುರ್ಚಿಯ ಕಾಲು, ಬಾಗಿಲಿನ ಹಿಡಿ. ಇನ್ನೇನೂ ಸಿಗದಿದ್ದರೆ ಒರೆಸುವ ಬಟ್ಟೆಯನ್ನೇ ಒಗೆದು ಒಣಹಾಕುತ್ತಾಳೆ. ಕೆಳಗಿನ ಗುಮಾಸ್ತರಿಗೆ ಅವಳನ್ನು ಕಂಡ ಕೂಡಲೇ ಕಾಲು ಮೇಲೆತ್ತಿ ಕೂರುವುದು ರೂಢಿಯಾಗಿಬಿಟ್ಟಿದೆ.

ಮಕ್ಕಳಿಗೆ ಮಾತ್ರ ಅವಳು ನಕ್ಷತ್ರದಕ್ಕ. ಶನಿವಾರ ಮಧ್ಯಾಹ್ನ ಆ ಕೋಣೆಗೆ ಕಪ್ಪು ಪರದೆ ಎಳೆದು, ಬಿಳಿ ಬಳಿದ ಛಾವಣಿಯ ಮೇಲೆ ಪ್ರೊಜೆಕ್ಟರಿನಿಂದ ಆಕಾಶ ಬಿಡುವವಳು ಅವಳೇ. ಅದಕ್ಕೆ ಅವಳ ಬಳಿ ಇದ್ದದ್ದು ಯಾವುದೋ ಕಚೇರಿ ಬೇಡವೆಂದು ಎತ್ತಿಕೊಟ್ಟ ಕಂಪ್ಯೂಟರು, ಅದನ್ನು ನಡೆಸಲು ಮೈದುನ ಪುಕ್ಕಟೆ ಹಾಕಿಕೊಟ್ಟ ಲಿನಕ್ಸು, ನಕ್ಷತ್ರ ತೋರಿಸುವ ಒಂದು ತಂತ್ರಾಂಶ, ಇಷ್ಟೇ. ಇಷ್ಟರಲ್ಲೇ ಅವಳು ಇಡೀ ಒಂದು ರಾತ್ರಿಯನ್ನು ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಗರಗರ ತಿರುಗಿಸಿ ಮುಗಿಸುತ್ತಿದ್ದಳು. ಮಕ್ಕಳು ಹೋ ಎಂದು ಕೂಗುತ್ತಿದ್ದರು. ದೊಡ್ಡವರು ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು.

ಊರೆಲ್ಲ ನೋಡಿದರೂ ಅದನ್ನು ನೋಡದೆ ಉಳಿದವರು ಒಬ್ಬರೇ, ಅವಳ ಹೆತ್ತ ತಾಯಿ. ಎರಡು ಬೀದಿ ಆಚೆಗೇ ಮನೆ. ಕರೆದಾಗಲೆಲ್ಲ "ಅಷ್ಟು ಮೆಟ್ಟಿಲು ಯಾರೇ ಹತ್ತೋರು?" ಎಂಬ ಒಂದೇ ಉತ್ತರ. ಮನೆಗೆ ಬಂದವರ ಮುಂದೆ ಮಾತ್ರ, "ನನ್ನ ಮಗಳು ಹಗಲಲ್ಲೇ ನಕ್ಷತ್ರ ತೋರಿಸ್ತಾಳೆ, ಬೇಕಾದ್ರೆ ಅವಳ ಗಂಡನ್ನ ಕೇಳಿ" ಎಂದು ಹೇಳಿ ಎಲ್ಲರನ್ನೂ ನಗಿಸುತ್ತಿದ್ದರು. ಅಳಿಯ ಬೇಕರಿಯವನು, ಪಾಪ, ಅವನೂ ನಗುತ್ತಿದ್ದ.

ಈಗ ಗ್ರಂಥಾಲಯಕ್ಕೆ ಲಿಫ್ಟ್ ಬಂದಿತ್ತು. ಮೆಟ್ಟಿಲಿನ ನೆಪ ಮುಗಿದುಹೋಯಿತು.

"ಬರ್ತೀನಿ ಬಿಡು ಶನಿವಾರ. ನೋಡೇಬಿಡೋಣ ನಿನ್ನ ಆಟಾನ" ಎಂದರು ಅಮ್ಮ.

ಆಟ! ಆ ಮಾತು ಅವಳಿಗೆ ಚುರುಕ್ಕೆಂದಿತು. ಅದು ಆಟವಲ್ಲ, ತನ್ನ ಬದುಕಿನ ಬಹುಪಾಲು ಪ್ರೀತಿ ಅಲ್ಲೇ ಇದೆ ಎಂದು ಅಮ್ಮನಿಗೆ ಒಂದು ಸಲ, ಒಂದೇ ಒಂದು ಸಲ ಗೊತ್ತಾಗಬೇಕಿತ್ತು. ಈ ಶನಿವಾರ ಎಡವಟ್ಟಾದರೆ ಅಮ್ಮ ಮತ್ತೆ ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಅಮ್ಮನ ಹಟ ಅವಳಿಗೆ ಹೊಸದಲ್ಲ.

ಹಾಗಾಗಿ ಗುರುವಾರವೇ ತಯಾರಿ ಶುರುವಾಯಿತು. ಕೋಣೆ ತೊಳೆದಳು, ಪರದೆ ಒಗೆದಳು, ಕೊನೆಗೆ ಕಂಪ್ಯೂಟರನ್ನೂ ಬಿಡಲಿಲ್ಲ. ಹೊಸದೇನೋ ಬಂದಿದೆ, ಹಾಕಲೇ ಎಂದು ಅದು ಕೇಳಿತು. ಹಾಕು ಎಂದಳು. ಹಳೆಯ, ಬೇಡವಾದ ಸಾಮಾನು ಒಂದಷ್ಟಿದೆ, ತೆಗೆದುಹಾಕಲೇ ಎಂದು ಕೇಳಿತು. ಬೇಡವಾದ ಸಾಮಾನು ಎಂದರೆ ಸುಮ್ಮನಿರುವ ಹೆಂಗಸೇ ಅವಳು? ಏನೇನಿದೆ ಎಂದು ಕಣ್ಣು ಕೂಡ ಹಾಯಿಸದೆ ಒತ್ತಿಯೇಬಿಟ್ಟಳು. ಒಳಗಿನ ಕಸವೂ ಹೋಯಿತು ಎಂದು ಖುಷಿಯಿಂದ ಕೈ ಒರೆಸಿಕೊಂಡಳು.

ಮರಳಿ ಚಾಲೂ ಮಾಡಿದಳು. ಆಕಾಶವೇನೋ ಬಂತು, ಆದರೆ ತಿರುಗಿಸಿದರೆ ಭಾರದ ಬೀರುವನ್ನು ನೆಲದ ಮೇಲೆ ಎಳೆದ ಹಾಗೆ ಒಮ್ಮೆ ಜಗ್ಗಿ, ನಿಂತು, ಮತ್ತೆ ಜಗ್ಗುತ್ತಿತ್ತು.

ಮೈದುನ ರೇಡಿಯೋ, ಟೀವಿ ರಿಪೇರಿಯವನು. ಅಂಗಡಿಗೆ ಬೀಗ ಹಾಕಿ ಓಡಿ ಬಂದ. ಕಂಪ್ಯೂಟರಿನ ಮುಂದೆ ಕೂತು ಒಂದಷ್ಟು ಹೊತ್ತು ತಡಕಾಡಿ ತಲೆ ಕೆರೆದುಕೊಂಡ.

"ಅತ್ತಿಗೆ, ಏನಾದ್ರೂ ಅಳಿಸಿದ್ರಾ?"

"ಕಸ ಗುಡಿಸಿದೆ ಅಷ್ಟೇ ಕಣಪ್ಪಾ."

"ಆ ಕಸದಲ್ಲೇ ಡ್ರೈವರ್ ಇತ್ತು!"

ಕಂಪ್ಯೂಟರಿನೊಳಗೆ ಚಿತ್ರ ಮೂಡಿಸುವ ಕಾರ್ಡಿನಿಂದ ಲಿನಕ್ಸು ಪೂರಾ ಕೆಲಸ ತೆಗೆಯಬೇಕಾದರೆ ಡ್ರೈವರ್ ಎಂಬ ಆ ಪುಟ್ಟ ತಂತ್ರಾಂಶ ಬೇಕು. ಅದನ್ನು ಬರೆದದ್ದು ಕಾರ್ಡು ಮಾಡಿದ ಕಂಪನಿ, ಕೊಡುತ್ತಿದ್ದದ್ದೂ ಅದೇ ಕಂಪನಿ. ಹೋಗಲಿ, ಮತ್ತೆ ಇಳಿಸಿಕೊಂಡರಾಯಿತು ಎಂದು ಇಬ್ಬರೂ ಅವರ ಜಾಲತಾಣಕ್ಕೆ ಹೋದರು. ನೀವು ಹುಡುಕುತ್ತಿರುವ ಪುಟ ಇಲ್ಲಿಲ್ಲ ಎಂಬ ಉತ್ತರ. ಬೇರೆ ದಾರಿಯಲ್ಲಿ ಹೋದರು, ಅಲ್ಲೂ ಅದೇ. ಕಂಪನಿಗೆ ಬರೆದರೆ, ಹೊಸ ಕಾರ್ಡು ಕೊಳ್ಳಿ ಎಂದು ನಯವಾದ ಸಲಹೆ ಬಂತು. ಇಷ್ಟು ಹಳೆಯ ಕಾರ್ಡಿನ ವಿಷಯದಲ್ಲಿ ಅವರು ಎಂದೋ ಕೈ ತೊಳೆದುಕೊಂಡಿದ್ದರು. ದೊಡ್ಡ ಕಂಪನಿಗಳ ವಿನಯವೇ ಹೀಗೆ, ಬಾಗಿಲು ಮುಚ್ಚುವಾಗಲೂ ನಮಸ್ಕಾರ ಹೇಳುತ್ತವೆ.

"ಬೇರೆ ಯಾರದೋ ತಾಣದಲ್ಲಿ ಇದೆ ಅಂತ ತೋರಿಸ್ತಿದೆಯಲ್ಲೋ" ಎಂದು ಅವಳು ಬೆರಳು ತೋರಿಸಿದಳು.

"ಮುಟ್ಟಬೇಡಿ ಅತ್ತಿಗೆ! ಯಾರೋ ಏನೋ. ಡ್ರೈವರ್ ಅಂತ ಹೇಳಿ ಇನ್ನೇನನ್ನ ಮನೆಯೊಳಗೆ ಬಿಡ್ತಾರೋ."

ಶುಕ್ರವಾರ ಅವನು ಇನ್ನೊಂದು ಡ್ರೈವರ್ ಹಾಕಿದ. ಯಾರ್ಯಾರೋ ಪುಣ್ಯಾತ್ಮರು ಸೇರಿ, ಕಂಪನಿ ಬಾಯಿ ಬಿಡದಿದ್ದರೂ ಆ ಕಾರ್ಡಿನ ಗುಟ್ಟನ್ನು ತಾವೇ ಊಹಿಸಿ ಬರೆದು, ಎಲ್ಲರಿಗೂ ಬಿಟ್ಟುಕೊಟ್ಟದ್ದು. ಹಾಕಿದ್ದೇ ತಡ, ಛಾವಣಿಯ ತುಂಬ ನಕ್ಷತ್ರಗಳು ಸೂಜಿಮೊನೆಯಂತೆ ಚೂಪಾಗಿ ಮೂಡಿದವು. ಅವಳು ಚಪ್ಪಾಳೆ ತಟ್ಟಿದಳು.

"ತಡೀರಿ" ಎಂದ ಮೈದುನ. "ನಿಂತಿದ್ರೆ ಲಕ್ಷಣವಾಗಿದೆ. ಓಡಿಸಿದ್ರೆ ಕುಂಟುತ್ತೆ."

ಓಡಿಸಿ ನೋಡಿದರು. ಕುಂಟಿತು. ಇವರೂ ಸಂಜೆಯವರೆಗೆ ಏನೇನೋ ತಿರುವಿದರು, ಮುರುವಿದರು, ಅದು ಜಪ್ಪಯ್ಯ ಎನ್ನಲಿಲ್ಲ. ತಿರುಗುವ ಆಕಾಶವೇ ತನ್ನ ಪ್ರದರ್ಶನ ಎಂದುಕೊಂಡಿದ್ದವಳು ಮೂಲೆಯ ಕುರ್ಚಿಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಳು. ಅಳುವೇ ಬಂತು. ಆಮೇಲೆ ಹಾಗೇ ಮೇಲೆ ನೋಡಿದಳು. ನೋಡುತ್ತಲೇ ಇದ್ದಳು.

"ನಿಜವಾದ ಆಕಾಶ ಎಷ್ಟು ನಿಧಾನಕ್ಕೆ ಹೋಗುತ್ತೋ ಅಷ್ಟೇ ನಿಧಾನಕ್ಕೆ ಬಿಟ್ರೆ?"

"ಆಗ ಕುಂಟಲ್ಲ. ಆದ್ರೆ ಜನ ಆಕಳಿಸ್ತಾರೆ ಅತ್ತಿಗೆ."

"ಆಕಳಿಸ್ದೇ ಇರೋ ಹಾಗೆ ನಾನು ಮಾತಾಡ್ತೀನಿ."

ಬಾಯಿಗೆ ಬಂತು, ಅಂದುಬಿಟ್ಟಳು. ಮನೆಗೆ ಹೋಗುವ ದಾರಿಯುದ್ದಕ್ಕೂ ನಾಳೆ ಏನು ಹೇಳುವುದೆಂದು ತನ್ನಷ್ಟಕ್ಕೇ ಮಾತಾಡಿಕೊಳ್ಳುತ್ತಾ ನಡೆದಳು.

ಶನಿವಾರ ಅಮ್ಮ ಲಿಫ್ಟಿನಿಂದ ಇಳಿದವರೇ ಬಾಗಿಲ ಪಕ್ಕದ ಕುರ್ಚಿಯನ್ನೇ ಆರಿಸಿಕೊಂಡು, ಎರಡೂ ಕೈಯಲ್ಲಿ ಅದನ್ನು ಹಿಡಿದು ಕೂತರು. ಒಳ್ಳೆಯ ಜಾಗಕ್ಕೆ ಕರೆದರೆ ಬರಲಿಲ್ಲ. ಇಷ್ಟವಿಲ್ಲದೆ ಬಂದಿದ್ದಾರೆ, ಓಡಿಹೋಗಲು ಅನುಕೂಲವಾಗಲಿ ಅಂತ ಅಲ್ಲಿ ಕೂತಿದ್ದಾರೆ ಎಂದು ಅವಳ ಮುಖ ಸಪ್ಪಗಾಯಿತು.

ಪರದೆ ಎಳೆದಳು. ಆಕಾಶ ಬಂತು, ಬಂದು ಸುಮ್ಮನೆ ನಿಂತಿತು. ಅವಳು ಮಾತು ಶುರು ಮಾಡಿದಳು. ಈ ಕೆಂಪಗಿನದು ಮುಪ್ಪಿನ ನಕ್ಷತ್ರ, ಇದರ ಬೆಳಕು ನಮ್ಮ ಮುತ್ತಜ್ಜಿಯರ ಕಾಲದಲ್ಲಿ ಹೊರಟದ್ದು, ಪಾಪ, ಈಗ ಬಂದು ತಲುಪಿದೆ ಎಂದಾಗ ಮಕ್ಕಳು ಅಯ್ಯೋ ಎಂದರು. ಆಮೇಲೆ ಛಾವಣಿಯ ಅಂಚಿಗೆ ಇಳಿದಿದ್ದ ಒಂದು ನಕ್ಷತ್ರವನ್ನು ಟಾರ್ಚಿನಿಂದ ತೋರಿಸಿ, "ಇದು ಮುಳುಗುತ್ತೆ. ಯಾರೂ ಅವಸರ ಮಾಡೋ ಹಾಗಿಲ್ಲ, ನಾನೂ ಮಾಡೋ ಹಾಗಿಲ್ಲ" ಎಂದಳು. ಕೋಣೆಗೆ ಕೋಣೆಯೇ ಉಸಿರು ಬಿಗಿಹಿಡಿದು ಕಾದಿತು. ನಕ್ಷತ್ರ ಅಂಚು ಮುಟ್ಟಿತು, ಅರೆಗಳಿಗೆ ಮಿನುಗಿತು, ಹೋಯಿತು. ಎದ್ದ ಗದ್ದಲಕ್ಕೆ ಕೆಳಗಿನ ಗುಮಾಸ್ತರು ಏನಾಯಿತೆಂದು ಮೇಲೆ ಓಡಿ ಬಂದರು.

ಎಲ್ಲರೂ ಹೋದ ಮೇಲೂ ಅಮ್ಮ ಏಳಲಿಲ್ಲ.

"ಮುಗೀತಮ್ಮ."

"ಮುಗೀತಾ? ತಿರುಗಿಸಲ್ವಾ?"

"ಯಂತ್ರ ಕೈಕೊಡ್ತಮ್ಮ. ಇವತ್ತು ತಿರುಗಿಸೋಕೆ ಆಗ್ಲಿಲ್ಲ" ಎಂದು ಅವಳು ತಲೆ ತಗ್ಗಿಸಿದಳು.

ಅಮ್ಮ ಕುರ್ಚಿಯಿಂದ ಕೈ ಬಿಡಿಸಿ, ದೊಡ್ಡದಾಗಿ ಉಸಿರು ಬಿಟ್ಟು ನಕ್ಕರು. "ಬದುಕಿದೆ ಕಣೇ! ಬಂದೋರೆಲ್ಲ ತಲೆ ಗಿರ್ರಂತು, ಹೊಟ್ಟೆ ತೊಳೆಸ್ತು ಅಂತ ಹೊಗಳ್ತಿದ್ರು. ನನಗೆ ಬಸ್ಸೇ ತಡೆಯಲ್ಲ. ನೀನು ಕನ್ನಡಿ ಹಾಗೆ ಇಟ್ಕೊಂಡಿರೋ ಕೋಣೆ, ಇಷ್ಟು ಜನ... ಎಲ್ಲರೆದುರು ವಾಂತಿ ಮಾಡ್ಕೊಂಡ್ರೆ ನಿನ್ನ ಮರ್ಯಾದೆ ಏನಾಗ್ಬೇಕು?"

"ಮತ್ತೆ ಮೆಟ್ಟಿಲು ಅಂತಿದ್ದೆ?"

"ಮೆಟ್ಟಿಲಿಗೇನೇ ಧಾಡಿ? ದಿನಾ ತಾರಸಿ ಹತ್ತಿ ಬಟ್ಟೆ ಒಣಹಾಕಲ್ವಾ ನಾನು?"

ಅವಳಿಗೆ ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ಇಷ್ಟು ವರ್ಷ ಅಮ್ಮ ಬಾರದೆ ಉಳಿದದ್ದು ತನ್ನ ಮರ್ಯಾದೆ ಕಾಯುವುದಕ್ಕೆ! ಕಂಪ್ಯೂಟರಿನ ಬಳಿ ತಂತಿ ಸುತ್ತುತ್ತಿದ್ದ ಮೈದುನ, ಇನ್ನೂ ಹುಡುಕುತ್ತೇನೆ, ಯಾರ ಬಳಿಯಾದರೂ ಆ ಹಳೆಯ ಡ್ರೈವರ್ ಸಿಕ್ಕೀತು ಎಂದ.

"ಸಿಗಲಿ, ಅವಸರ ಇಲ್ಲ" ಎಂದಳು ಅವಳು.

"ಅದೆಲ್ಲ ಆಮೇಲೆ" ಎಂದರು ಅಮ್ಮ. "ಆ ಮೂಲೇಲಿ ಒಂದು ನೀಲಿದು ಇತ್ತಲ್ಲ, ಅದರ ವಿಷಯ ನೀನು ಹೇಳಲೇ ಇಲ್ಲ. ಮತ್ತೆ ಹಾಕು, ಇಲ್ಲಿ ಬಂದು ಕೂತ್ಕೊಂಡು ಹೇಳು."

ಅವಳು ಪರದೆಯನ್ನು ಮತ್ತೆ ಎಳೆದು, ಅಮ್ಮನ ಪಕ್ಕದ ಕುರ್ಚಿಯಲ್ಲಿ ಕೂತು, ನೀಲಿ ನಕ್ಷತ್ರದ ಕಥೆ ಹೇಳತೊಡಗಿದಳು.